ಅರ್ಧಕ್ಕೆ ನಿಂತ ಸವಾಲು

ನಮ್ಮ ಅತ್ತೆ ಒಬ್ಬರೇ ಹಾಡುವವರಲ್ಲ. ಯರಗುಪ್ಪಿಗೆ ಸೊಸೆಯಾಗಿ ಬಂದ ಕೆಲವೇ ದಿನಗಳಲ್ಲಿ ನನಗೆ ಇದು ಗೊತ್ತಾಯಿತು. ಅವರ ಪದಕ್ಕೆ ಯಾವಾಗಲೂ ಇನ್ನೊಂದು ಬಾಯಿ ಬೇಕು. ಆ ಬಾಯಿ ಬಾಜೂ ಮನೆಯ ಖಾಲಾ ಅವರದು; ಖಾಲಾ ಅಂದರೆ ಅವರ ಮನೆಮಾತಿನಲ್ಲಿ ಚಿಕ್ಕಮ್ಮ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅತ್ತೆ ಈ ಕಡೆ ರೊಟ್ಟಿ ಬಡಿಯುತ್ತ ಒಂದು ನುಡಿ ಎತ್ತಿದರೆ ಗೋಡೆಯ ಆಚೆಯಿಂದ ಖಾಲಾ ಅದಕ್ಕೆ ಎದುರು ನುಡಿ ಹೇಳುತ್ತಿದ್ದರು. ಇಬ್ಬರೂ ಒಂದೇ ಬೇಸಿಗೆಯಲ್ಲಿ ಈ ಊರಿಗೆ ಲಗ್ನವಾಗಿ ಬಂದವರು. ಅತ್ತೆಗೆ ಆಕೆ ಗೆಳತಿ, ಆಕೆಗೆ ಅತ್ತೆ ಅಕ್ಕ.

ಅವರಿಬ್ಬರಿಗೂ ಎಲ್ಲಕ್ಕಿಂತ ಪ್ರೀತಿಯ ಆಟ ಸವಾಲು-ಜವಾಬು. ಒಬ್ಬಾಕೆ ಒಂದು ಒಗಟನ್ನು ಮೂರು ಸಾಲಿನ ಪದವಾಗಿ ಕಟ್ಟಿ ಹಾಡಬೇಕು. ಇನ್ನೊಬ್ಬಾಕೆ ಅದೇ ಧಾಟಿಯಲ್ಲಿ ಹಾಡಿಯೇ ಅದನ್ನು ಒಡೆಯಬೇಕು. ಸುಮ್ಮನೆ ಬಾಯಿಮಾತಿನಲ್ಲಿ ಉತ್ತರ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಬೀಗರ ಮನೆಗಳಲ್ಲಿ ಈ ಜೋಡಿಯ ಮುಂದೆ ಕೂಡಲು ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು.

ಖಾಲಾ ಅವರ ಮಗ ಯಮನೂರಿನ ದರ್ಗಾದ ಹತ್ತಿರ ಬಳೆ ಅಂಗಡಿ ಇಟ್ಟ. ವ್ಯಾಪಾರ ಕುದುರಿತು. ತಾಯಿಯನ್ನೂ ಹೆಂಡತಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಗೋಡೆಯ ಆಚೆ ಬೀಗ ಬಿತ್ತು. ಅತ್ತೆ ರೊಟ್ಟಿ ಬಡಿಯುವಾಗ ಹಾಡುವುದನ್ನು ಬಿಟ್ಟರು. ನಾನು ಕೇಳಿದರೆ, "ಯಾರ ಮುಂದ ಹಾಡ್ಲೇ? ಗ್ವಾಡಿ ಮುಂದ ಹಾಡ್ಲೇನು?" ಅನ್ನುತ್ತಿದ್ದರು.

ಫೋನು ಇತ್ತಲ್ಲ ಅನ್ನಬಹುದು. ನಮ್ಮ ಮನೆಯ ದೊಡ್ಡ ಫೋನು ನನ್ನ ಗಂಡನ ಕಿಸೆಯಲ್ಲಿ ಹೊಲದಲ್ಲಿರುತ್ತದೆ. ಒಮ್ಮೆ ಅದರಲ್ಲಿ ಅತ್ತೆಯ ಪದ ಹಾಡಿಸಿ, ಖಾಲಾ ಅವರ ಮಗನಿಗೆ ಕಳಿಸಲು ಗಂಡನಿಗೆ ಕೊಟ್ಟೆ. ಅವರು ಯಾವ ಬೆರಳು ಎಲ್ಲಿ ಒತ್ತಿದರೋ, ಅದು ಹಾಲಿನ ಡೇರಿಯವರ ಗುಂಪಿಗೆ ಹೋಯಿತು. ಮರುದಿನ ಹಾಲು ಹಾಕಲು ಹೋದ ಅತ್ತೆಗೆ ಊರ ಗಂಡಸರೆಲ್ಲ, "ಪದಾ ಭಾಳ ಚೊಲೋ ಇತ್ತರಿ ಅಮ್ಮಾರ," ಎಂದರು. ಇನ್ನು ಫೋನಿನಲ್ಲಿ ಹಾಡುವುದಿಲ್ಲ ಎಂದು ಅತ್ತೆ ಆ ದಿನವೇ ಆಣೆ ಹಾಕಿದರು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ವಾರಕ್ಕೊಮ್ಮೆ ದಾರ, ಅಸ್ತರು, ಹುಕ್ಕು ತರಲು ಹುಬ್ಬಳ್ಳಿಗೆ ಹೋಗುತ್ತೇನೆ. ಒಂದು ಸಲ ರೇಡಿಯೋ ರಿಪೇರಿ ಮಾಡುವ ಅಂಗಡಿಯ ಗಾಜಿನ ಹಿಂದೆ ಬೆರಳುದ್ದದ ಕಪ್ಪು ಯಂತ್ರ ಕಂಡಿತು. ಏನೆಂದು ಕೇಳಿದೆ. ಅಂಗಡಿಯವರು ಕೆಂಪು ಗುಂಡಿ ಒತ್ತಿ ನನ್ನ ಮುಂದೆ ಹಿಡಿದು, "ಏನರ ಮಾತಾಡ್ರಿ," ಎಂದರು. ನಾನು ಗಾಬರಿಯಲ್ಲಿ, "ಏನ ಮಾತಾಡಬೇಕ್ರಿ?" ಎಂದೆ. ಅದನ್ನೇ ಅವರು ತಿರುಗಿ ಕೇಳಿಸಿದರು. ಹಿಂದೆ ರಸ್ತೆಯ ಗದ್ದಲವಿದ್ದರೂ ನನ್ನ ದನಿ ಎದುರಿಗೆ ನಿಂತು ಮಾತಾಡಿದಷ್ಟು ಸ್ವಚ್ಛ. ನನ್ನ ಕಣ್ಣ ಮುಂದೆ ಬಂದದ್ದು ಅತ್ತೆ ಅಲ್ಲ, ಯಮನೂರಿನ ಖಾಲಾ. ಇದನ್ನು ಬಸ್ಸಿನಲ್ಲಿ ಕಳಿಸಬಹುದು, ತಿರುಗಿ ತರಿಸಬಹುದು. ಅದನ್ನು ಕೊಂಡು, ಕೈಚೀಲದ ತಳದಲ್ಲಿ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು, ಊರು ಬರುವ ತನಕ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು.

"ಇಷ್ಟ ಸಣ್ಣದರಾಗ ಪದಾ ಎಲ್ಲೆ ಕುಂದ್ರತಾವ?"

"ಒಳಗ ಐದ ಗೂಡ ಅದಾವ್ರಿ ಅತ್ಯಾರ. ಯಾವ ಗೂಡಿನ್ಯಾಗ ಇಡಂದ್ರ ಆ ಗೂಡಿನ್ಯಾಗ ಇಡತೈತಿ."

ಗೂಡು ಎಂಬ ಮಾತು ಅವರಿಗೆ ಹಿಡಿಸಿತು. ಗೋಡೆಯಲ್ಲಿ ದೀಪ ಇಡುವ ಗೂಡು, ಹಣಿಗೆ-ಕನ್ನಡಿ ಇಡುವ ಗೂಡು ಇದ್ದ ಹಾಗೆ ಇದರಲ್ಲೂ ಒಂದೊಂದಕ್ಕೆ ಒಂದೊಂದು ಕೆಲಸ ಹಚ್ಚಿದರು. ಮೊದಲನೆಯದು ಬೀಸುವ ಪದಕ್ಕೆ, ಎರಡನೆಯದು ಸೋಬಾನಕ್ಕೆ. ನಡುವಿನದು ತಮ್ಮ ಸವಾಲಿಗೆ, ಅದರ ಮುಂದಿನದು ಗೆಳತಿಯ ಜವಾಬಿಗೆ. ಕೊನೆಯದು ಖಾಲಿ ಇರಲಿ ಎಂದರು. "ಮನ್ಯಾಗ ಒಂದ ಗೂಡ ಖಾಲಿ ಇರಬೇಕವಾ, ಯಾರರ ಬಂದ್ರ ಬೇಕಾಗತೈತಿ."

ಆ ಮಧ್ಯಾಹ್ನವೇ ಯಂತ್ರವನ್ನು ಒರಳಿನ ಮೇಲೆ ಇಟ್ಟು ಕೆಂಪು ಗುಂಡಿ ಒತ್ತಿದೆ. ಅತ್ತೆ ಸೆರಗು ಸರಿಮಾಡಿಕೊಂಡು, ಬಹಳ ದಿನಗಳ ನಂತರ ಗಂಟಲು ತೆರೆದರು.

*ಕಾಲಿಲ್ಲ ಕೈಯಿಲ್ಲ ಊರೂರ ತಿರಗ್ಯಾಳ*
*ಬಾಯಿಲ್ಲದಾಕಿ ಹಾಡ್ಯಾಳ, ನನ ಗೆಳತಿ*
*ಬಲ್ಲಾಕಿಯಾದ್ರ ಹೆಸರ್ಹೇಳ.*

ಅವರು ಕಟ್ಟಿದ್ದು ಆ ಯಂತ್ರದ ಮೇಲೇ. ಕೈಗೆ ಬಂದು ಇನ್ನೂ ಒಂದು ಹೊತ್ತು ಕಳೆದಿರಲಿಲ್ಲ. ನಾನು ಗುಂಡಿ ಒತ್ತಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ. ಹಾಗಾಗಿ ಆ ಪದದ ಕೊನೆಗೆ ನಮ್ಮ ಎಮ್ಮೆ ಕೂಗಿದ್ದೂ ಸೇರಿಕೊಂಡಿದೆ.

ಖಾಲಾ ಅವರ ಮಗ ಅಂಗಡಿಗೆ ಬಳೆ ತರಲು ಹುಬ್ಬಳ್ಳಿಗೆ ಬರುತ್ತಿದ್ದ. ನಾನು ದಾರ ತರುವ ದಿನವನ್ನು ಅವನ ದಿನಕ್ಕೆ ಹೊಂದಿಸಿಕೊಂಡೆ. ಬಸ್‌ ನಿಲ್ದಾಣದ ಚಹಾ ಅಂಗಡಿಯ ಮುಂದೆ ಅವನ ಕೈಗೆ ಯಂತ್ರ ಕೊಟ್ಟು, ಯಾವ ಗುಂಡಿ ಯಾವುದಕ್ಕೆ ಎಂದು ತೋರಿಸಿದೆ. ಅವನು ಬಳೆಯ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಅದನ್ನು ಇಟ್ಟ. "ಬಳಿಕಿಂತ ಜ್ವಾಕಿಲೆ ಒಯ್ತೀನ್ರಿ ಅಕ್ಕಾರ," ಎಂದ.

ಮುಂದಿನ ವಾರ ಅದು ತಿರುಗಿ ಬಂತು. ದಾರಿಯಲ್ಲಿ ಕೇಳಬಾರದೆಂದು ಅತ್ತೆಯ ಕಟ್ಟಪ್ಪಣೆ. ಬಸ್ಸಿನಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ ನನಗೆ ಆ ದಾರಿ ಸಾಗಲೇ ಇಲ್ಲ. ಮನೆಗೆ ಬಂದಾಗ ಅತ್ತೆ ಕೈಕಾಲು ತೊಳೆದು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದರು. ಗುಂಡಿ ಒತ್ತಿದೆ. ಮೊದಲು ಕೆಮ್ಮು. ಆಮೇಲೆ ಮಗನನ್ನು ಕೇಳುವ ಖಾಲಾ ಅವರ ದನಿ: "ಕೆಂಪ ದೀಪಾ ಹತ್ತೇತೇನ್ಲೇ? ಹತ್ತೇತಿ? ಹಂಗಾರ ನೀ ದೂರ ನಿಂದ್ರು." ಆಮೇಲೆ ಪದ.

*ಕಾಲಿಲ್ಲ ಅಂದೀದಿ, ಬಸ್ಸ ಅವಳ ಕಾಲವ್ವ*
*ಬಾಯಿಲ್ಲ ಅಂದ್ರ ನನ ಬಾಯಿ, ನಮ್ಮಕ್ಕ*
*ನಿನ ಸೊಸಿ ತಂದ ಡಬ್ಬ್ಯವ್ವ.*

ಅತ್ತೆ ಕಟ್ಟೆಗೆ ಅಂಗೈ ಬಡಿದು ನಕ್ಕರು. "ಸಿಕ್ಕೊಳ್ಳಾಕಿ ಅಲ್ಲ ಇಕಿ," ಎಂದರು. ಅದನ್ನು ಮತ್ತೆ ಮತ್ತೆ ಹಚ್ಚಿಸಿ ಕೇಳಿದರು. ಜವಾಬಿನ ಹಿಂದೆಯೇ ಖಾಲಾ ತಮ್ಮ ಸವಾಲನ್ನೂ ಇಟ್ಟಿದ್ದರು.

*ಬಿಸಿಲಿಗೆ ಬಿರಿತಾನ, ಮಳಿ ಬಂದ್ರ ಕೂಡ್ತಾನ*
*ಹಾದವರ ಕಾಲ ಹಿಡಿತಾನ, ನಮ್ಮಕ್ಕ*
*ಹಿಡದ್ರೂ ಅನ್ನ ಕೊಡತಾನ.*

ಇದು ಎರೆ ಮಣ್ಣು ಎಂದು ನನಗೂ ಹೊಳೆಯಿತು. ಮಳೆಗಾಲದಲ್ಲಿ ನಮ್ಮ ಹೊಲಕ್ಕೆ ಹೋದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲಷ್ಟೇ ಮನೆಗೆ ಬರುತ್ತದೆ. ಅತ್ತೆ ಚಹಾ ಕುದಿಯುವುದರೊಳಗೆ ಜವಾಬು ಕಟ್ಟಿದರು.

ಹೀಗೆ ಯಂತ್ರ ಯರಗುಪ್ಪಿಗೂ ಯಮನೂರಿಗೂ ಓಡಾಡತೊಡಗಿತು. ಮೆಣಸಿನಕಾಯಿಯ ದಿನಗಳು ಅವು. ಓಣಿಯ ಹೆಂಗಸರು ತೊಟ್ಟು ಬಿಡಿಸಲು ನಮ್ಮ ಕಟ್ಟೆಗೇ ಬಂದು ಕೂಡುತ್ತಿದ್ದರು. ನಾನು ಹುಬ್ಬಳ್ಳಿಯಿಂದ ಬರುವ ಬಸ್ಸಿನ ಹೊತ್ತಿಗೆ ಕಟ್ಟೆ ತುಂಬಿರುತ್ತಿತ್ತು. ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, "ಜವಾಬ ಬಂತೇನಬೇ?" ಎಂದು ಕೂಗುತ್ತಿದ್ದರು. ಮೆಣಸಿನ ಘಾಟಿಗೆ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ಅವರಲ್ಲೂ ಎರಡು ಪಕ್ಷಗಳಾದವು. ನಮ್ಮ ಎದುರು ಮನೆಯಾಕೆ ಅತ್ತೆಯ ಮುಂದೆಯೇ ಖಾಲಾ ಪಕ್ಷ ಹಿಡಿದಳು.

ಯಂತ್ರ ಯಮನೂರಿಗೆ ಹೋದ ವಾರ ಅತ್ತೆಗೆ ಕೈ ಮುರಿದಂತಾಗುತ್ತಿತ್ತು. ಅತ್ತೆಯ ಹೆಣ್ಣುಮಕ್ಕಳು ತಂದುಕೊಟ್ಟ ಭಜನೆ ಕೇಳುವ ಪುಟ್ಟ ಸ್ಪೀಕರು ನಮ್ಮ ಮನೆಯಲ್ಲಿತ್ತು. ಅದರಲ್ಲಿ ಉಗುರಿನಷ್ಟು ಸಣ್ಣ ಮೆಮರಿ ಕಾರ್ಡು ಹಾಕಿದರೆ ಹಾಡುತ್ತದೆ. ನೋಡಿದರೆ ನಮ್ಮ ಯಂತ್ರದ ಬಗಲಲ್ಲೂ ಅಂಥದೇ ಕಾರ್ಡು ಹೋಗುವ ಸಂದಿ ಇತ್ತು. ಹೊಲಿಗೆಯ ಕೆಲಸ ಬದಿಗಿಟ್ಟು ಯಂತ್ರದ ಒಳಗೆಲ್ಲ ಹುಡುಕಿದೆ. ಒಂದು ಕಡೆ ಕಾಪಿ ಎಂದು ಬಂತು. ಒತ್ತಿದೆ. ಯಾವ ಪದ ಎಂದು ಕೇಳಿತು. ಎಲ್ಲಿಗೆ ಎಂದು ಕೇಳಿತು. ಕಾರ್ಡಿಗೆ ಎಂದೆ. ಪರದೆಯ ಮೇಲೆ ಸಣ್ಣ ಗೆರೆ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಅದು ಪೂರಾ ತುಂಬುವ ತನಕ ಕಾದೆ. ಕಾರ್ಡು ತೆಗೆದು ಸ್ಪೀಕರಿಗೆ ಹಾಕಿದೆ. ಅತ್ತೆಯ ಬೀಸುವ ಪದ ಮನೆ ತುಂಬ ಕೇಳಿತು.

"ಅಲ್ಲಿಂದ ಇಲ್ಲಿಗೆ ಬಂತಲ್ಲ. ಅಲ್ಲಿ ಏನ ಉಳೀತು?" ಎಂದು ಅತ್ತೆ ಗಾಬರಿಯಾದರು.

"ಅಲ್ಲೂ ಐತ್ರಿ, ಇಲ್ಲೂ ಐತ್ರಿ. ದೀಪದಿಂದ ದೀಪಾ ಹಚ್ಚಿದ್ರ ಮೊದಲಿನ್ದು ಆರತೈತೇನ್ರಿ?"

ಅತ್ತೆ ಆ ಮಾತನ್ನು ಒಪ್ಪಿಕೊಂಡರು. ಆದರೆ ನಾನು ಕಲಿತ ಆ ವಿದ್ಯೆಯ ಸುದ್ದಿ ಓಣಿಗೆ ಹಬ್ಬಿತು. ಹೆಂಗಸರು ಹಳೆಯ ಫೋನುಗಳ ಕಾರ್ಡು ಹಿಡಿದು ಬರತೊಡಗಿದರು. "ನಂದರಾಗ ಸೋಬಾನ ಅಷ್ಟ ಹಾಕಬೇ," "ನನಗ ಸವಾಲ ಜವಾಬ ಎರಡೂ ಬೇಕು." ನಾನು ಕುಪ್ಪಸದ ಕೊರಳು ಹೊಲಿಯುತ್ತ ಕೂತಿದ್ದರೆ ಮಗ್ಗುಲಲ್ಲಿ ಗೆರೆ ತುಂಬುತ್ತಿರುತ್ತಿತ್ತು. ಒಂದೊಂದು ಪದವನ್ನೂ ತುಂಬಿದ ಮೇಲೆ ಹಚ್ಚಿ, ಪೂರಾ ಬಂದಿದೆಯೇ ಎಂದು ಕೇಳಿ, ಆಮೇಲೆ ಕಾರ್ಡು ಕೊಡುತ್ತಿದ್ದೆ. ಅಷ್ಟು ಸಂಭ್ರಮದ ಕೆಲಸ ನಾನು ಬೇರೆ ಮಾಡಿದ ನೆನಪಿಲ್ಲ. ಕುಪ್ಪಸ ಹೊಲಿದುಕೊಟ್ಟಾಗ ಎಲ್ಲಿ ಬಿಗಿ ಎಂದು ಹುಡುಕುವವರು ಪದ ಕೊಟ್ಟಾಗ ಬರೀ ನಗುತ್ತಿದ್ದರು.

ಅಳಿಸುವ ಮಾತು ಮಾತ್ರ ಅತ್ತೆಯ ಮುಂದೆ ಎತ್ತುವಂತಿರಲಿಲ್ಲ. ಒಂದೇ ಪದವನ್ನು ಮೂರು ನಾಲ್ಕು ಸಲ ಹಾಡಿರುತ್ತಿದ್ದರು. ಒಂದರಲ್ಲಿ ಉಸಿರು ಸಿಕ್ಕಿಬಿದ್ದಿದೆ, ಒಂದರಲ್ಲಿ ಎಮ್ಮೆ ಕೂಗಿದೆ. "ಇರಲಿ ಬಿಡು, ಅದೂ ನಮ್ಮ ಎಮ್ಮಿನ," ಅನ್ನುತ್ತಿದ್ದರು. ದನಿ ಚೊಲೋ ಬರಲೆಂದು ನಾನೂ ಅದನ್ನು ಎಲ್ಲಕ್ಕಿಂತ ಉತ್ತಮ ದರ್ಜೆಗೆ ಇಟ್ಟಿದ್ದೆ. ದರ್ಜೆ ಮೇಲಾದಷ್ಟೂ ಜಾಗ ಜಾಸ್ತಿ ಬೇಕಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮೆಣಸಿನಕಾಯಿ ಮುಗಿಯುತ್ತ ಬಂದ ಒಂದು ವಾರ ಯಂತ್ರ ಯಮನೂರಿನಿಂದ ಬಂತು. ಕೊಡುವಾಗ ಖಾಲಾ ಅವರ ಮಗ ಯಾಕೋ ನಗುತ್ತಿದ್ದ. "ಈ ಸಲದ್ದು ಬಿಗಿ ಐತಂತ್ರಿ ಅಕ್ಕಾರ. ಅಮ್ಮಿ ಹೇಳ್ಯಾಳ, ಅಕ್ಕಗ ಅಷ್ಟ ತಿಳಿತೈತಿ ಅಂತ."

ಕಟ್ಟೆ ತುಂಬಿತ್ತು. ಗುಂಡಿ ಒತ್ತಿದೆ.

*ಅಡವ್ಯಾಗ ಹುಟ್ಟ್ಯಾಳ, ಬಣ್ಣ ಉಟ್ಟ ಬಂದಾಳ*
*ಹಡೀಲಾ…*

ಅಷ್ಟೇ. ದನಿ ಕತ್ತರಿಸಿದಂತೆ ನಿಂತಿತು. ಮತ್ತೆ ಹಚ್ಚಿದೆ, ಅಲ್ಲಿಗೇ ನಿಂತಿತು. ಮುಂದಿನ ಪದ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅನುಮಾನ ಬಂದು ಕೆಂಪು ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ. ಪರದೆಯ ಮೇಲೆ ಮೆಮರಿ ಫುಲ್ ಎಂದು ಬಂತು. ಖಾಲಾ ಹಾಡುತ್ತಿರುವಾಗಲೇ ಜಾಗ ಮುಗಿದಿತ್ತು. ಅವರು ಅದನ್ನು ತಿಳಿಯದೆ ಉಳಿದ ಪದವನ್ನು ಕಿವುಡ ಯಂತ್ರದ ಮುಂದೆ ಹಾಡಿದ್ದರು.

"ಫೋನ್ ಹಚ್ಚಿ ಕೇಳಿಬಿಡ್ರಿ, ಅದರಾಗೇನು," ಎಂದಳು ಎದುರು ಮನೆಯಾಕೆ.

"ಕೇಳಿದ್ರ ಸೋತಂಗ," ಎಂದರು ಅತ್ತೆ. "ಅರ್ಧಾನರ ಬಂದೈತಲ್ಲ. ಅರ್ಧದಾಗ ಒಡಿಯೂಣು."

ಕಟ್ಟೆಯ ಮೇಲೆ ಒಂದೇ ಗದ್ದಲವಾಯಿತು. ಅಡವಿಯಲ್ಲಿ ಹುಟ್ಟಿ ಬಣ್ಣ ಉಟ್ಟು ಬಂದವಳು ಯಾರು? ಒಬ್ಬಳು ಮುತ್ತಲದ ಹೂವು ಎಂದಳು. ಒಬ್ಬಳು ಜೇನು ಎಂದಳು. ಎದುರು ಮನೆಯಾಕೆ ನವಿಲು ಎಂದು ಹಟ ಹಿಡಿದಳು. ಅತ್ತೆ ಎಲ್ಲದಕ್ಕೂ ತಲೆ ಅಲ್ಲಾಡಿಸಿದರು. "ನವಲಿಗೆ ಬಣ್ಣಾ ಹುಟ್ಟತ ಬರತೈತಿ. ಉಟ್ಟ ಬಂದಾಳ ಅಂದ್ರ ಯಾರೋ ಉಡಿಸ್ಯಾರ." ಎರಡನೆಯ ಸಾಲಿನ ಆ ತುಂಡೇ ತೊಡಕು. ಕೆಲವರಿಗೆ ಅದು ಹಾಡಲಾರದ ಎಂದು ಕೇಳಿತು. ಕೆಲವರಿಗೆ ಹಾದಿ ಎಂದು ಕೇಳಿತು.

ಮೊದಲು ಯಂತ್ರಕ್ಕೆ ಜಾಗ ಮಾಡಬೇಕಿತ್ತು. ಮರುದಿನ ಮುಂಜಾನೆ ಹೊಸ ಕಾರ್ಡು ಹಾಕಿಕೊಂಡು ಕೂತೆ. ಕಾಪಿಯ ಕೆಳಗೇ ಮೂವ್ ಎಂದೊಂದು ಇತ್ತು. ಅದು ಪದವನ್ನು ಎತ್ತಿ ಆ ಕಡೆ ಇಡುತ್ತದೆ, ಈ ಕಡೆ ಉಳಿಸುವುದಿಲ್ಲ. ಮೊದಲು ಎಮ್ಮೆ ಕೂಗಿದ ಒಂದು ಪದವನ್ನು ಕಳಿಸಿ ನೋಡಿದೆ. ಸ್ಪೀಕರಿನಲ್ಲಿ ಅತ್ತೆಯೂ ಬಂದರು, ಎಮ್ಮೆಯೂ ಬಂತು. ಧೈರ್ಯ ಬಂತು. ಬೀಸುವ ಪದ, ಸೋಬಾನ ಎಲ್ಲವನ್ನೂ ಒಂದೊಂದಾಗಿ ದಾಟಿಸಿದೆ. ಪರದೆಯ ಮೇಲೆ ಉಳಿದ ಜಾಗ ಏರುತ್ತ ಹೋದ ಹಾಗೆ ಕಣಜ ಬಳಿದು ಹೊಸ ಜೋಳಕ್ಕೆ ತಯಾರು ಮಾಡಿದಂಥ ಹುರುಪು ನನಗೆ.

ಹಾಗೆ ಹುಡುಕಾಡುವಾಗಲೇ ಇನ್ನೊಂದು ಸಿಕ್ಕಿತು. ದನಿಯನ್ನು ನಿಧಾನ ಮಾಡುವ ಗುಂಡಿ. ಬೇಕಾದ ತುಂಡನ್ನಷ್ಟೇ ಮತ್ತೆ ಮತ್ತೆ ಕೇಳಿಸುವುದೂ ಇತ್ತು. ಕಿವಿಗೆ ಹಾಕುವ ವಾಯರು ಚುಚ್ಚಿ ಖಾಲಾ ಅವರ ಆ ಕೊನೆಯ ತುಂಡನ್ನು ನಿಧಾನಕ್ಕೆ ಬಿಟ್ಟೆ. ಹ. ಡೀ. ಲಾ. ಹಾಡು ಅಲ್ಲ, ಹಾದಿಯೂ ಅಲ್ಲ.

"ಅತ್ಯಾರ, ಲಗೂನ ಬರ್ರಿ."

ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು. ಅವರ ಕಿವಿಗೆ ವಾಯರು ಸಿಕ್ಕಿಸಿದೆ. ಕಣ್ಣು ಮುಚ್ಚಿ ಕೇಳಿದರು. ತುಟಿ ಅಲ್ಲಾಡುತ್ತಿತ್ತು.

"ಹಡೀಲಾರ್ದಾಕಿ," ಎಂದರು. "ಅಡವ್ಯಾಗ ಹುಟ್ಟ್ಯಾಳ. ಬಣ್ಣಾ ಉಡಿಸ್ಯಾರ. ಹಡೀಲಾರ್ದನ…" ಕಣ್ಣು ತೆರೆದರು. "ತೊಟ್ಟಲಾ. ಕಲಘಟಗಿ ತೊಟ್ಟಲಾ."

ಅಡವಿಯ ಕಟ್ಟಿಗೆ. ಅದಕ್ಕೆ ಕಲಘಟಗಿಯವರು ಹಚ್ಚುವ ಕೆಂಪು, ಹಳದಿ, ಹಸಿರು. ತಾನು ಹಡೆಯದ ಕೂಸನ್ನು ಒಡಲಲ್ಲಿ ಹೊತ್ತವಳು. ನಾನು ಓಣಿಗೆ ಓಡಿ ಎದುರು ಮನೆಯ ಬಾಗಿಲು ಬಡಿದೆ. "ನವಲಲ್ಲ, ತೊಟ್ಟಲಾ," ಎಂದು ಕೂಗಿದೆ. ಅವಳು ಒಳಗಿನಿಂದಲೇ, "ಏ ಹೌದಲ್ಲ," ಎಂದಳು.

ತಿರುಗಿ ಬಂದಾಗ ಅತ್ತೆ ನಗುತ್ತಿರಲಿಲ್ಲ. ಹಿಟ್ಟಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತಿದ್ದರು.

"ಬಾರವಾ, ಕುಂದ್ರಿಲ್ಲೆ. ನಿಮ್ಮ ಖಾಲಾ ಸುಮ್ನ ತೊಟ್ಟಲದ ಪದಾ ಕಟ್ಟಾಕಿ ಅಲ್ಲ."

ನನಗೆ ಮೊದಲು ತಿಳಿಯಲಿಲ್ಲ. ಖಾಲಾ ಅವರ ಮಗನ ಲಗ್ನವಾಗಿ ಬಹಳ ವರ್ಷವಾಗಿತ್ತು. ಸೊಸೆಗೆ ಎರಡು ಸಲ ಬಸಿರು ನಿಂತದ್ದು ಉಳಿದಿರಲಿಲ್ಲ. ಎರಡನೆಯ ಸಲ ಊರೆಲ್ಲ ಸುದ್ದಿಯಾಗಿ, ಬಂದವರೆಲ್ಲ ಹೊಟ್ಟೆ ನೋಡಿ ಮಾತಾಡಿ, ಕೊನೆಗೆ ಆ ಹುಡುಗಿ ಯಾರ ಮುಖವನ್ನೂ ನೋಡಲು ಒಲ್ಲದೆ ಒಳಕೋಣೆಯಲ್ಲಿ ಕೂತದ್ದು ನನಗೂ ನೆನಪಿತ್ತು. ಆಮೇಲೆ ಆ ಮನೆಯಲ್ಲಿ ಯಾರೂ ಕೂಸಿನ ಮಾತು ಎತ್ತುತ್ತಿರಲಿಲ್ಲ.

"ಬಾಯಿಬಿಟ್ಟ ಹೇಳಿದ್ರ ಎಲ್ಲಿ ದೃಷ್ಟಿ ಆಗತೈತೋ ಅಂತ ಅಂಜ್ಯಾಳ," ಎಂದರು ಅತ್ತೆ. "ನನಗ ಹೇಳಲಾರ್ದ ಇರಾಕೂ ಆಗಿಲ್ಲ ಅಕಿಗೆ. ಪದದಾಗ ಹೇಳ್ಯಾಳ."

"ಹಂಗಿರಲಿಕ್ಕಿಲ್ಲೇನ್ರಿ ಅತ್ಯಾರ? ಬರೇ ಒಗಟ ಇದ್ರ?"

"ಅಕಿ ದನಿ ನನಗ ಗೊತ್ತಿಲ್ಲೇನು? ಇನ್ನೊಮ್ಮೆ ಕೇಳು ಬೇಕಾರ. ನಗು ತಡಕೊಂಡ ಹಾಡ್ಯಾಳ."

ಕೇಳಿದೆ. ನಿಜ. ಅಡವ್ಯಾಗ ಅನ್ನುವಲ್ಲಿಯೇ ದನಿ ನಗುವಿನ ಮೇಲೆ ತೇಲುತ್ತಿತ್ತು.

"ನಾಳಿ ಮುಂಜಾನೆ ಹೋಗೂಣು," ಎಂದರು ಅತ್ತೆ. "ಓಣ್ಯಾಗ ಯಾರಿಗೂ ಹೇಳಬ್ಯಾಡ."

ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ನವಲಗುಂದದ ಕಡೆಯ ಬಸ್ಸು. ಅತ್ತೆಯ ಮಡಿಲಲ್ಲಿ ಕರದಂಟಿನ ಡಬ್ಬಿ, ನನ್ನ ಮಡಿಲಲ್ಲಿ ಯಂತ್ರ. ದಾರಿಯುದ್ದಕ್ಕೂ ಅತ್ತೆ ತುಟಿಯಲ್ಲೇ ಪದ ಕಟ್ಟುತ್ತಿದ್ದರು. ಒಂದು ಮಾತು ಹಾಕುವುದು, ತೆಗೆಯುವುದು. ಕಂಡಕ್ಟರು ಟಿಕೀಟು ಕೇಳಿದಾಗ ಕೈ ಎತ್ತಿ, "ತಡಿಯಪಾ, ಈಗ ಕೂಡಿ ಬರಾಕತ್ತೈತಿ," ಎಂದರು. ಯಮನೂರಿನಲ್ಲಿ ಇಳಿದಾಗ ದರ್ಗಾದ ಮುಂದೆ ಹರಕೆಯ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಲು ಬಂದವರ ಗದ್ದಲವಿತ್ತು. ಬಳೆ ಅಂಗಡಿಯಲ್ಲಿ ಮಗ ಗಿರಾಕಿಯ ಕೈಗೆ ಬಳೆ ಏರಿಸುತ್ತಿದ್ದ. ನಮ್ಮನ್ನು ಕಂಡವನೇ ಬಾಯಿ ತೆರೆದ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಮುಂದೆ ನಡೆದರು.

ಖಾಲಾ ಅವರ ಮನೆ ಅಂಗಡಿಯ ಹಿಂದಿನ ಸಂದಿಯಲ್ಲಿ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು. ಅತ್ತೆ ಹೆಸರು ಹಿಡಿದು ಕೂಗಲಿಲ್ಲ. ಹೊಸ್ತಿಲ ಹತ್ತಿರ ನಿಂತು, ಗೋಡೆಯ ಈಚೆಯಿಂದ ಹಾಡುತ್ತಿದ್ದ ಹಾಗೆ ಸಣ್ಣ ದನಿಯಲ್ಲಿ ಎತ್ತಿದರು.

*ಅಡವ್ಯಾಗ ಹುಟ್ಟಿದ್ದು ಕಲಘಟಗಿ ತೊಟ್ಟಿಲ*
*ಹಡಿಯಾಕಿ ನಿನ್ನ ಸೊಸಿಯವ್ವ, ನನ ಗೆಳತಿ*
*ಹಗ್ಗ ಹಿಡಿಯಾಕ ನಾ ಬಂದೆ.*

ರೊಟ್ಟಿಯ ಸದ್ದು ನಿಂತಿತು. ಖಾಲಾ ಹೊರಗೆ ಬಂದರು. ಅವರ ಎರಡೂ ಕೈ ಹಿಟ್ಟು. ಆ ಹಿಟ್ಟಿನ ಕೈಯಲ್ಲೇ ಅತ್ತೆಯನ್ನು ತಬ್ಬಿದರು.

"ನಿನಗ ತಿಳದ ತಿಳಿತೈತಿ ಅಂತ ಗೊತ್ತಿತ್ತು ನನಗ," ಎಂದರು ಖಾಲಾ.

"ಅರ್ಧದಾಗ ತಿಳಕೊಂಡೇನಿ. ನಿನ್ನ ಪದಾ ಅರ್ಧಕ್ಕ ನಿಂತಿತ್ತಲೇ."

"ಅರ್ಧಾ? ನಾ ಪೂರಾ ಹಾಡೇನಿ. ಸಮಾ ಬಂದಿಲ್ಲಂತ ಎರಡೆರಡ ಸಲ ಹಾಡೇನಿ."

ನಾನು ಜಾಗ ಮುಗಿದ ಕತೆ ಹೇಳಿದೆ. ಖಾಲಾ ನೆಲಕ್ಕೆ ಕೂತು ನಕ್ಕರು. ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಸಿ ಸೊಸೆ ಬಂದಳು. ತುಂಬಿದ ಹೊಟ್ಟೆ. ಮುಖದ ಮೇಲೆ ನಾಚಿಕೆ, ಅದರ ಹಿಂದೆಯೇ ಹೆದರಿಕೆ. ಅತ್ತೆ ಅವಳ ಹೊಟ್ಟೆಯ ಕಡೆ ನೋಡಲೇ ಇಲ್ಲ. ಕರದಂಟಿನ ಡಬ್ಬಿ ಅವಳ ಕೈಗಿಟ್ಟು, "ಬಸ್ಸಿನ್ಯಾಗ ಬಂದ ಕಾಲ ಹಿಡದಾವ ನಮ್ಮವ್ವಾ, ಚಾ ಮಾಡ್ತಿಯೇನು?" ಎಂದರು. ಆ ಹುಡುಗಿಯ ಮುಖ ಸಡಿಲವಾಯಿತು. ದಿನಾ ಬರುವ ನೆರೆಮನೆಯವರಿಗೆ ಚಹಾ ಮಾಡುವವಳ ಹಾಗೆ ಒಲೆಯ ಕಡೆ ಹೋದಳು.

ಚಹಾ ಕುಡಿದ ಮೇಲೆ ಖಾಲಾ ಪೂರಾ ಪದ ಹಾಡಿದರು. ನಾನು ಕೊನೆಯ ಗೂಡನ್ನು ತೆರೆದು, ಉಳಿದ ಜಾಗವನ್ನು ಕಣ್ಣಾರೆ ನೋಡಿ, ಕೆಂಪು ದೀಪ ಹತ್ತಿದ್ದನ್ನು ಖಾತ್ರಿ ಮಾಡಿಕೊಂಡೆ.

*ಅಡವ್ಯಾಗ ಹುಟ್ಟ್ಯಾಳ, ಬಣ್ಣ ಉಟ್ಟ ಬಂದಾಳ*
*ಹಡೀಲಾರ್ದ ಕೂಸ ಹೊತ್ತಾಳ, ನಮ್ಮಕ್ಕ*
*ನಿಂತಲ್ಲೆ ದಾರಿ ನಡದಾಳ.*

ನಿಂತಲ್ಲೇ ದಾರಿ ನಡೆದಾಳ. ಆ ಸಾಲನ್ನು ಕೇಳಿ ಅತ್ತೆ ಗೆಳತಿಯ ಬೆನ್ನಿಗೆ ಒಂದು ಗುದ್ದು ಹಾಕಿದರು. ಸಂಜೆಯ ಬಸ್ಸಿನ ತನಕ ಇಬ್ಬರೂ ಹಾಡಿದರು. ಸೊಸೆ ಗೋಡೆಗೆ ಒರಗಿ, ಕಾಲು ಚಾಚಿ, ಕರದಂಟು ತಿನ್ನುತ್ತ ಕೇಳಿದಳು.

ಯುಗಾದಿ ಕಳೆದ ಮೇಲೆ ಒಂದು ದಿನ ನನ್ನ ಗಂಡ ಹೊಲದಿಂದ ಫೋನು ಮುಂದೆ ಹಿಡಿದುಕೊಂಡೇ ಓಡಿ ಬಂದರು. ಅತ್ತೆ ಫೋನನ್ನು ಕಸಿದುಕೊಂಡು ಕಿವಿಗೆ ಹಿಡಿದರು. ಆ ಕಡೆಯಿಂದ ಮಾತಿಲ್ಲ, ಕೂಸಿನ ಅಳು. ಅತ್ತೆ ಬಹಳ ಹೊತ್ತು ಕೇಳಿದರು. ಆಮೇಲೆ, "ಹೆಣ್ಣು," ಎಂದರು, ಯಾರೂ ಹೇಳುವ ಮೊದಲೇ. "ದನಿ ಗಟ್ಟಿ ಐತಿ." ಹೆಣ್ಣೇ ಆಗಿತ್ತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರು.

ತೊಟ್ಟಿಲು ತರಲು ಅತ್ತೆ, ನಾನು, ಖಾಲಾ ಅವರ ಮಗ ಮೂವರೂ ಕಲಘಟಗಿಗೆ ಹೋದೆವು. ಬಣ್ಣದ ವಾಸನೆಯ ಆ ಕೋಣೆಯಲ್ಲಿ ಅತ್ತೆ ಒಂದೊಂದನ್ನೂ ತೂಗಿ, ಕಿವಿಯಿಟ್ಟು, ಕಿರ್ ಎನ್ನದಿರುವುದನ್ನು ಹುಡುಕಿದರು. ಟೆಂಪೋದಲ್ಲಿ ಅದಕ್ಕೆ ಹಳೆಯ ಕೌದಿ ಹೊದಿಸಿ, ಧೂಳು ಕೂಡದಂತೆ ಯಮನೂರಿಗೆ ಮುಟ್ಟಿಸಿದೆವು.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಓಣಿಯ ಹೆಂಗಸರೂ ಬಂದಿದ್ದರು. ನಾನು ಖಾಲಾ ಅವರಿಗಾಗಿ ಒಂದು ಕಾರ್ಡಿನಲ್ಲಿ ಎರಡೂ ಊರಿನ ಎಲ್ಲ ಪದಗಳನ್ನು ತುಂಬಿ, ಅಂಥದೇ ಸ್ಪೀಕರನ್ನೂ ತಂದಿದ್ದೆ. ಖಾಲಾ ಅದನ್ನು ಹಚ್ಚಿ, ಒಂದಾದ ಮೇಲೊಂದು ಕೇಳುತ್ತ ಹೋದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇದರಾಗ ನಾ ಅದೇನಿ, ಅಕ್ಕ ಅದಾಳ, ನಿಮ್ಮ ಎಮ್ಮಿ ಸೈತ ಐತಿ. ನೀ ಎಲ್ಲಿದ್ದಿ?"

ನಾನು ಯಾವ ಗೂಡಿನಲ್ಲೂ ಇರಲಿಲ್ಲ. ನನಗೆ ಹಾಡಲು ಬರುವುದಿಲ್ಲ ಎಂದೆ. ಎದುರು ಮನೆಯಾಕೆ ಅಷ್ಟರಲ್ಲೇ ಯಂತ್ರವನ್ನು ನನ್ನ ಕೈಯಿಂದ ಕಸಿದುಕೊಂಡು ಕೆಂಪು ಗುಂಡಿ ಒತ್ತಿಬಿಟ್ಟಿದ್ದಳು. ದೀಪ ಹತ್ತಿತ್ತು. ಇಷ್ಟು ದಿನ ಹೊಲಿಗೆಯ ಮುಂದೆ ಕೂತು ಒಳಗೊಳಗೇ ಕಟ್ಟಿಕೊಂಡಿದ್ದ ಒಂದು ಪದವಿತ್ತು, ಯಾರಿಗೂ ಹೇಳಿರಲಿಲ್ಲ. ಅದನ್ನೇ ಎತ್ತಿದೆ.

*ತುಳದ್ರ ಓಡತಾಳ, ಮನಿ ಬಿಟ್ಟು ಹೋಗಾಕಿಲ್ಲ*
*ಹರದಿದ್ದನೆಲ್ಲ ಕೂಡಸ್ಯಾಳ, ನಮ್ಮವ್ವ*
*ತಾನೊಂದು ಅರಿವಿ ಉಟ್ಟಿಲ್ಲ.*

ಕಷ್ಟದ ಒಗಟೇನಲ್ಲ. ಮೂರನೆಯ ಸಾಲು ಮುಗಿಯುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು, ನನ್ನ ಹೊಲಿಗೆ ಮಿಶನ್ನೇ ಎಂದು. ಇಬ್ಬರೂ ಒಂದೇ ಉಸಿರಿಗೆ ಜವಾಬು ಎತ್ತಿದರು. ಅತ್ತೆಯದು ಒಂದು ಮಾತು, ಖಾಲಾ ಅವರದು ಇನ್ನೊಂದು ಮಾತು. ಎರಡೂ ಡಿಕ್ಕಿ ಹೊಡೆದು ಯಾವುದೂ ಪೂರಾ ಆಗಲಿಲ್ಲ. "ನೀ ನಿಂದ್ರು, ನನ್ನ ಸೊಸಿ ಪದಾ ಇದು," ಎಂದರು ಅತ್ತೆ. "ನನ್ನ ಮನ್ಯಾಗ ಹಾಡ್ಯಾಳ, ಜವಾಬ ನಂದು," ಎಂದರು ಖಾಲಾ. ಓಣಿಯವರೆಲ್ಲ ನಗುತ್ತಿದ್ದರು. ತೊಟ್ಟಿಲಲ್ಲಿ ಕೂಸು ಎದ್ದಿತು. ಇನ್ನೊಂದು ಪದ ಹಾಡಲೇ ಎಂದು ನಾನೇ ಕೇಳಿದೆ.